ತಂಬೊದ ಗೂಡಿಗೆ ಮುಖವಿಟ್ಟು

…ಅಯ್ಯೋ, ನಗ್ಬೇಡಿ ಅತ್ತೆ! ನೀವು ನಕ್ರೆ ನಂಗೂ ನಗು ಬರತ್ತೆ, ನಕ್ರೆ ಈ ಎತ್ತರದಲ್ಲಿ ಉಸಿರು ಸಿಗಲ್ಲ. ಇಂಕ ರಾಜನ ದಂಡು ತಂಗೋಕೆ ಕಟ್ಟಿಸಿದ ತಂಬೊ ಛತ್ರದ ಬಾಗಿಲಲ್ಲಿ, ಆಲ್ಪಾಕಾ ಕಾಯೋ ಈ ಇಲಾರಿಯಾ ನಕ್ಕು ನಕ್ಕು ಸತ್ತಳು ಅಂತ ಊರೆಲ್ಲ ಆಡ್ಕೊಳ್ಳಲ್ವಾ! ಬನ್ನಿ, ಈ ಕಲ್ಲಿನ ಮೇಲೆ ಕೂತ್ಕೊಳ್ಳಿ. ಬಿಸಿಲಿಗೆ ಬೆಚ್ಚಗಾಗಿದೆ. ಹ್ಞಾ, ಹಾಗೆ.

ಏನಂದ್ರಿ? ಚೀಚಾ ತಲೆಗೇರಿದ್ಯಾ? ಎರಡೇ ಬಟ್ಟಲು ಕುಡಿದಿದ್ದು! …ಮೂರು. ಸರಿ, ಮೂರು. ಮೆಲಿತೋನ್ ಹುಯ್ದ, ಬೇಡ ಅನ್ನೋಕಾಗತ್ತಾ? ಮನುಷ್ಯ ಹೇಗಿದ್ದಾನೆ, ನಿಜ ಹೇಳಿ. ಈ ತಂಬೊನ ಒಬ್ಬನೇ ಕಾಯ್ತಾನೆ ಅತ್ತೆ. ಮೇಲೆ ಹುಲ್ಲಿನ ಮಾಡು ನೋಡಿ, ಅವನೇ ಹೊದಿಸಿದ್ದು. ನಿಮಗೆ ಬಾಯಾರಿಕೆ ಅಂದ ತಕ್ಷಣ ತೊರೆಗೆ ಓಡಿದ್ನಲ್ಲ! ಯಾರು ಓಡ್ತಾರೆ ಈ ಕಾಲದಲ್ಲಿ?

ಇಲ್ಲಿ ದಂಡಿನವರು ಮಲಗ್ತಿದ್ರಂತೆ. ಆ ಕೋಣೆ ತುಂಬ ಒಣಗಿಸಿದ ಆಲೂಗಡ್ಡೆ ಇಡ್ತಿದ್ರಂತೆ. ರಾಜಧಾನಿ ಕುಸ್ಕೊಗೆ ಸುದ್ದಿ ಒಯ್ಯೋ ಓಟಗಾರ ಇಲ್ಲಿ ನಿಂತು ಒಂದು ಗುಟುಕು ಕುಡಿದು ಮತ್ತೆ ಓಟ! ಯಾರು ಹೇಳಿದ್ರಾ? ಮೆಲಿತೋನ್. ಯಾವಾಗಾ? ಅದು… ಆಲ್ಪಾಕಾ ಮೇಯಿಸೋಕೆ ಬಂದಾಗ. ಇಲ್ಲಿ ಹುಲ್ಲು ಚೆನ್ನಾಗಿದೆ ಅತ್ತೆ! ಕೆಳಗೂ ಇದೆ ಅಂತೀರಾ? ಇದೆ, ಇದೆ… ಆದ್ರೆ ಇಲ್ಲಿ ಮೆತ್ತಗಿರತ್ತೆ.

ಯಾಕೆ ನಗ್ತೀರಿ?

ಏನದು ಕೈಲಿ? ಓ, ಅವನು ಅಗಿಯೋ ಕೋಕಾ ಎಲೆಯ ಚೀಲ. ಮರೆತು ಹೋಗಿದ್ದಾನೆ. ಇಡಿ ಅತ್ತೆ, ಗಂಡಸರೆಲ್ಲ ಇಟ್ಕೊಂಡಿರ್ತಾರೆ, ಅದರಲ್ಲೇನಿದೆ? ಅಂಚು ಯಾಕೆ ತಿರುಗಿಸ್ತೀರಿ…

ಸಂತೆಲಿ ಕೊಂಡಿರ್ಬೇಕು. ಹ್ಞೂ, ಸಂತೆಲಿ. ಯಾಕೆ ಹಾಗೆ ನೋಡ್ತೀರಿ? ಆ ಕಣ್ಣು ಕಣ್ಣಿನ ಚಿತ್ತಾರದ ಅಂಚು ನೇಯೋದು ನೀವು ನಂಗೊಬ್ಬಳಿಗೇ ಹೇಳ್ಕೊಟ್ಟಿದ್ದು, ಗೊತ್ತು ಅತ್ತೆ. ನಾನು ಸಂತೆಗೆ ಅಂತಾನೇ ನೇಯ್ದೆ, ಯಾರೋ ಕೊಂಡ್ರು, ಅವರಿಂದ ಇವನು… ಬೇಕಾದ್ರೆ ಬೈಯಿರಿ. ನೀವು ಬೈದ್ರೆ ನಾನೂ ಎರಡು ಮಾತು ಆಡಬಹುದು.

ತಾಳಿ. ನಿಮ್ಮ ಮುಖ ನೋಡ್ತಾ ಹೇಳೋಕಾಗಲ್ಲ. ಗೋಡೆಲಿ ಈ ಗೂಡಿದ್ಯಲ್ಲ, ಇದರೊಳಗೆ ಮುಖ ಇಟ್ಕೊಂಡು ಹೇಳ್ತೀನಿ. ಇಂಕ ರಾಜ ಇಲ್ಲಿ ಏನಿಡ್ತಿದ್ನೋ, ಇವತ್ತು ನನ್ನ ಮೂತಿ!

ಹೌದು, ಅವನಿಗಾಗೇ ನೇಯ್ದೆ. ನೀವು ಸಂತೆಗೆ ಹೋದಾಗೆಲ್ಲ ಮಗ್ಗ ಹಾಕಿ ಕೂರ್ತಿದ್ದೆ. ತಂಬೊ ನೋಡೋಣ ಅಂತ ನಿಮ್ಮನ್ನ ಹತ್ತಿಸಿದ್ದೂ ನೆಪ. ನೀರು ತಂದ ಮೇಲೆ ಅವನು ನಿಮ್ಮ ಮುಂದೆ ಮಂಡಿಯೂರಿ ಎಲೆ ಕೊಟ್ಟು ನನ್ನನ್ನ ಮದುವೆಗೆ ಕೇಳ್ತಾನೆ. ನಂಗೆ ಅಪ್ಪ ಅಮ್ಮ ಯಾರಿದ್ದಾರೆ? ಕೇಳೋದಿದ್ರೆ ನಿಮ್ಮನ್ನೇ. ನೀವು ಬಾಯಿಗೆ ಹಾಕ್ಕೊಂಡ್ರೆ ಒಪ್ಪಿಗೆ. ಹಿಂದಕ್ಕೆ ಕೊಟ್ರೆ ನಿಮ್ಮ ಹಿಂದೇನೇ ಇಳಿದು ಬರ್ತೀನಿ, ಮತ್ತೆ ಈ ಮಾತು ಎತ್ತಲ್ಲ. ದೇವರಾಣೆ ಎತ್ತಲ್ಲ.

ನಿಕಾಸಿಯೊ ನಂಗೆ ಗಂಡ, ನಿಮಗೆ ಹೆತ್ತ ಮಗ. ಅವನು ಹೋಗಿ ಏಳು ವರ್ಷ, ಒಂದೇ ಒಲೆ ಮುಂದೆ ಕೂತು ಇಬ್ರೂ ಅತ್ತಿದ್ದೀವಿ. ಈಗ ನಾನೊಬ್ಬಳೇ ನಗೋಕೆ ಶುರು ಮಾಡಿದ್ರೆ ನಿಮಗೆ ಎಷ್ಟು ನೋವಾಗತ್ತೋ ಅಂತ ಭಯ. ಅವನನ್ನ ಮರೆತಿಲ್ಲ ಅತ್ತೆ. ಆದ್ರೂ ನಗು ಬರತ್ತೆ… ಬೆಳಿಗ್ಗೆ ಎದ್ರೆ ಸಾಕು, ಬರತ್ತೆ.

ಅತ್ತೆ?

ಒಂದು ಮಾತು ಆಡಬಾರದಾ? ಇಷ್ಟು ಹೊತ್ತು ಸುಮ್ನಿದ್ರೆ ನಾನು ಏನಂತ ತಿಳ್ಕೊಳ್ಳಲಿ? ಸಿಟ್ಟಾ? ಅಳ್ತಿದ್ದೀರಾ? ತಿರುಗ್ತೀನಿ ನೋಡಿ. ತಿರುಗ್ಲಾ?

ಅಯ್ಯೋ ನಿಮ್ಮ! ಕೆನ್ನೆ ಯಾಕೆ ಉಬ್ಬಿದೆ? ಬಾಯಿ ತೆಗೀರಿ… ಅತ್ತೆ! ಚೀಲ ಅರ್ಧ ಖಾಲಿ! ನಾನಿಲ್ಲಿ ಗೂಡಿನೊಳಗೆ ಮೂಗು ತುರುಕಿ ಅಳ್ತಾ ಇದ್ರೆ, ನೀವು ಹಾಯಾಗಿ ಎಲೆ ಅಗೀತಾ ಕೂತಿದ್ರಾ?

ಮೆಲಿತೋನ್! ಏ ಮೆಲಿತೋನ್! ಆ ಕೊಡ ಅಲ್ಲೇ ಬಿಟ್ಟು ಓಡಿ ಬಾರೋ! ಕೇಳೋದೇನೂ ಉಳಿದಿಲ್ಲ!