ರಾಗಿ ಬೀಜಕ್ಕೆ ಹಚ್ಚಿದ ಅರಿಶಿನ

...ಅಲ್ಲ ಕಣೆ ಅನಿಕಾ, ಅರಿಶಿನಾನೇ ಕೆಟ್ಟದ್ದು ಅಂತ ನಾನೆಲ್ಲಿ ಹೇಳ್ದೆ? ಆ ಫೋನ್ ಕೆಳಗಿಟ್ಟು ಕೇಳು. ಕೋವಿಡ್ ಬಂದ ಮಾರನೇ ವರ್ಷ ಅದು. ಇಲ್ಲೇ ಡುಲುತ್‌ನಲ್ಲಿ ನನ್ನ ಹಿಟ್ಟಿನ ಗಿರಣಿ, ಗೊತ್ತಲ್ಲ, ಈ ದೇಶಕ್ಕೆ ಬಂದು ಮೋಟೆಲ್‌ಗಳಲ್ಲಿ ಹಾಸಿಗೆ ಹಾಸಿ ಹಾಸಿ, ನಿಮ್ಮಜ್ಜ ಹೋದ್ಮೇಲೆ ಒಬ್ಳೇ ನಿಂತು ಕಟ್ಟಿದ್ದು, ಅದಕ್ಕೆ ಬೀಸೋಕೆ ರಾಗೀನೇ ಇಲ್ಲ. ಊರಿಂದ ರಾಗಿ ಹೊತ್ತ ಹಡಗು ಇವತ್ತು ಬರತ್ತೆ, ನಾಳೆ ಬರತ್ತೆ ಅಂತಾರೆ, ಬರಲ್ಲ. ನಿಮ್ಮಮ್ಮ, "ಮುಚ್ಚಿಬಿಡಮ್ಮ, ಕ್ಯಾರಿ ಊರಿಗೆ ಬಂದು ನಮ್ ಜೊತೆ ಇರು" ಅಂದ್ಳು. ನಾನು ಮುಚ್ಚೋಳಾ? ರಾಗಿ ಬರ್ದಿದ್ರೆ ಬೆಳೀತೀನಿ ಅಂದೆ.

ಇಲ್ಲಿಂದ ಒಂದು ಗಂಟೆ ಡ್ರೈವ್ ಮಾಡಿದ್ರೆ ಅರ್ಲ್ ಅಂತ ಒಬ್ಬ ಮುದುಕ, ಎಪ್ಪತ್ತಿರ್ಬೇಕು, ಅಲ್ಲ, ಎಂಬತ್ತೇ ಆಗಿತ್ತು. ಪಾಳು ಬಿದ್ದ ಎರಡೆಕರೆ ಕೆಮ್ಮಣ್ಣು ತೋರಿಸ್ದ. "ಮ್ಯಾಮ್, ಯೂರಿಯಾ ಮಾತ್ರ ಹಾಕ್ಬೇಡಿ. ಮಳೆಗೆ ಕೊಚ್ಕೊಂಡು ಬಂದು ಕೆಳಗಿನ ಕೊಳ ಪಾಚಿಗಟ್ಟುತ್ತೆ, ನನ್ನ ಮೀನು ಸಾಯ್ತವೆ. ಈ ಬೇಸಿಗೇಲಿ ಬೆಳೆ ಕಂಡ್ರೆ ಜಮೀನು ನಿಮ್ಮ ಹತ್ರಾನೇ ಇರ್ಲಿ. ಕಾಣ್ದಿದ್ರೆ ಹುಲ್ಲು ಬಿತ್ತಿ ಹಸು ಬಿಡ್ತೀನಿ" ಅಂದ.

ಯೂರಿಯಾ ಇಲ್ದೆ ಆ ಬಡ ಮಣ್ಣಲ್ಲಿ ಏನು ಬೆಳೆಯೋದು? ನಾಲ್ಕನೇ ಕ್ಲಾಸ್ ಓದಿದೋಳು ನಾನು, ಇಂಗ್ಲಿಷ್ ಕಲ್ತಿದ್ದೇ ಮೋಟೆಲ್‌ನ ಸೋಪಿನ ಡಬ್ಬಿ ಓದಿ ಓದಿ. ಲೈಬ್ರರಿಯಿಂದ ಪುಸ್ತಕ ತಂದೆ, ಪಕ್ಕದಲ್ಲಿ ಡಿಕ್ಷನರಿ. ಅಜೋಸ್ಪಿರಿಲಮ್ ಅಂತೆ, ನೋಡು, ಈಗ್ಲೂ ನಾಲಿಗೆ ತೊಡರತ್ತೆ. ಕಣ್ಣಿಗೆ ಕಾಣದ ಜೀವ. ಬೇರಿಗೆ ಅಂಟ್ಕೊಂಡು ಗಾಳೀಲಿರೋ ಸಾರಜನಕ ಹಿಡಿದು ಪೈರಿಗೆ ಉಣ್ಸತ್ತೆ. ಒಂದು ಪ್ಯಾಕೆಟ್ ತರಿಸ್ದೆ. ಅರ್ಲ್ ನಕ್ಕಿದ್ದೇ ನಕ್ಕಿದ್ದು. "ಜಗತ್ತೆಲ್ಲ ಕೈಗೆ ಸ್ಯಾನಿಟೈಸರ್ ಸುರ್ಕೊಳ್ತಾ ಇದೆ, ನೀವು ದುಡ್ಡು ಕೊಟ್ಟು ಬ್ಯಾಕ್ಟೀರಿಯಾ ತರಿಸ್ತೀರಾ?" "ನೋಡ್ತಿರು, ನೀನೇ ಬಂದು ನನ್ನ ಹತ್ರ ಪಾಠ ಹೇಳಿಸ್ಕೋಬೇಕು" ಅಂದೆ. ಅಷ್ಟು ಜಂಬ.

ಬೆಲ್ಲದ ನೀರು ಕಾಯ್ಸಿ ಆರ್ಸಿ, ಆ ಪ್ಯಾಕೆಟ್ ಪುಡಿ ಕಲಸಿ, ಬೀಜಕ್ಕೆ ಹಚ್ದೆ. ಅಲ್ಲೀವರೆಗೂ ಪುಸ್ತಕದ್ದೇ. ಆಮೇಲೆ ಕೈ ಸುಮ್ನಿರ್ಲಿಲ್ಲ. ನಮ್ಮವ್ವ ಬಿತ್ತೋ ಬೀಜಕ್ಕೆ ಅರಿಶಿನ ಹಚ್ಚಿ, ಬಿಸಿಲಿಗೆ ಹರವಿ, ಕೈ ಮುಗ್ದೇ ಹೊಲಕ್ಕೆ ಕಳಿಸ್ತಿದ್ದಿದ್ದು. ಬೋಳು ಬೀಜ ಹೇಗೆ ಬಿತ್ಲಿ? ಎರಡು ಹಿಡಿ ಅರಿಶಿನ ಹಾಕಿ ಹಿತ್ತಲಿನ ಇದೇ ಮರದ ಡೆಕ್ ಮೇಲೆ ಬಿಸಿಲಿಗೆ ಹರವ್ದೆ. ಮಾರನೇ ದಿನ ಅರ್ಧ ಹೊಲ ಬಿತ್ತೋಷ್ಟರಲ್ಲಿ ಸೊಂಟ ಹಿಡ್ಕೊಂಡ್ತು, ಉಳಿದರ್ಧ ಹಾಗೇ ಬಿಟ್ಟು ಬಂದೆ. ಮೂರು ವಾರ ಕಳೆದು ಹೋದ್ರೆ ಪೈರೆಲ್ಲ ಹಳದಿ, ಕಾಮಾಲೆ ಬಂದ ಮಗು ಥರ. ಅಲ್ಲೇ ಬದುವಿನ ಮೇಲೆ ಕೂತ್ಬಿಟ್ಟೆ, ಏಳೋಕೆ ಮನಸ್ಸೇ ಬರ್ಲಿಲ್ಲ.

ಮನೆಗೆ ಬಂದು ಪ್ಯಾಕೆಟ್ ತಿರುಗಿಸಿ ಓದ್ದೆ. ಬಿಸಿಲು ತಾಗಿಸ್ಬೇಡಿ, ಕ್ರಿಮಿ ಕೊಲ್ಲೋದೇನೂ ಸೇರಿಸ್ಬೇಡಿ. ಗಾಯಕ್ಕೆ ನಾವು ಅರಿಶಿನ ಯಾಕೆ ಹಚ್ತೀವಿ ಹೇಳು? ಕ್ರಿಮಿ ಸಾಯ್ಲಿ ಅಂತ. ಅರಿಶಿನಕ್ಕೇನು ಗೊತ್ತು, ಇದು ಕೆಟ್ಟ ಕ್ರಿಮಿ, ಇದು ಅಜ್ಜಿ ಕರೆಸಿದ ನೆಂಟ ಅಂತ? ನಾನೇ ಕರೆದು ನಾನೇ ಕೊಂದಿದ್ದೆ. ಹೊಸ ಪ್ಯಾಕೆಟ್ ತರಿಸಿ, ಈ ಸಲ ಅರಿಶಿನ ಮುಟ್ಟಿಸ್ದೆ ನೆರಳಲ್ಲಿ ಆರ್ಸಿ, ಉಳಿದರ್ಧಕ್ಕೆ ಬಿತ್ತಿದೆ. ತಡವಾಗಿ ಹುಟ್ಟಿದ್ದು ಮುಂಚೆ ಹುಟ್ಟಿದ್ದನ್ನ ಹಿಂದೆ ಹಾಕ್ತು.

ಅರ್ಲ್ ಬಂದು ಮಧ್ಯದಲ್ಲಿ ನಿಂತ. ಈ ಕಡೆ ಹಸಿರು, ಆ ಕಡೆ ಹಳದಿ. "ಆ ಕಡೆ ಮಣ್ಣು ಸರಿ ಇಲ್ವಾ ಮ್ಯಾಮ್?" ಅಂತ ತಪ್ಪಿಸ್ಕೊಳ್ಳೋಕೆ ಅವನೇ ದಾರಿ ಮಾಡಿಕೊಟ್ಟ ಕಣೆ, ಹೂಂ ಅಂದಿದ್ರೆ ಮುಗೀತಿತ್ತು. ಗಂಟಲವರೆಗೂ ಬಂತು. "ಮಣ್ಣಲ್ಲ ಅರ್ಲ್, ನಾನು" ಅಂದೆ. ಎಲ್ಲ ಹೇಳ್ದೆ. ಅವನು ನಗ್ತಾನೆ ಅಂದ್ಕೊಂಡೆ, ನಗ್ಲಿಲ್ಲ. "ಹಸಿರು ಕಡೆ ನಿಮ್ದು, ಹಳದಿ ಕಡೆ ನನ್ನ ಹಸುಗಳದ್ದು" ಅಂದ. ಮಾತು ಮಾತೇ. ಒಂದೆಕರೆ ಹೋಯ್ತು, ಒಂದೆಕರೆ ಉಳೀತು. ಗಿರಣಿ ವಾರಕ್ಕೆರಡೇ ದಿನ ತಿರುಗ್ತು, ಆದ್ರೆ ನಿಲ್ಲಲಿಲ್ಲ.

ಅದಕ್ಕೇ ಹೇಳೋದು, ಯಾರನ್ನಾದ್ರೂ ಮನೆಗೆ ಕರೆದ್ರೆ ಅವ್ರಿಗೇನು ಆಗ್ಬರಲ್ಲ ಅಂತ ಮೊದ್ಲು ಕೇಳ್ಕೋ. ಹೂಂ, ಎದ್ದು ತಟ್ಟೆ ಹಾಕು, ಮುದ್ದೆ ಆರತ್ತೆ.