ನೀರು ಮುಟ್ಟದವರು ತಂದ ಸುದ್ದಿ

ಈ ಸಭೆಯ ಅಧ್ಯಕ್ಷಸ್ಥಾನವನ್ನು ಅಲಂಕರಿಸಿರುವ ಹಿರೇನಲ್ಲೂರಿನ ಬೀಗರಾದ ಶ್ರೀ ಬೀರಯ್ಯನವರೇ, ಇನ್ನು ಸ್ವಲ್ಪ ಹೊತ್ತಿನಲ್ಲಿ ನಮ್ಮೆಲ್ಲರ ಸನ್ಮಾನವನ್ನು ಸ್ವೀಕರಿಸಲಿರುವ ನನ್ನ ಹಿರಿಯಣ್ಣ ಮುದ್ದಪ್ಪನವರೇ, ಕಿರಿಯಣ್ಣ ಕೆಂಚಪ್ಪನವರೇ, ಸಿಂಗಟಗೆರೆ, ತರೀಕೆರೆ, ಅಜ್ಜಂಪುರ, ಬುಕ್ಕಾಂಬುಧಿಗಳಿಂದ ಬಂದು ಕಡೂರಿನ ಈ ಛತ್ರವನ್ನು ತುಂಬಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಸೊಸೆಯಂದಿರೇ, ಅಳಿಯಂದಿರೇ, ಆಗಲೇ ಅಡುಗೆಮನೆಯ ಕಡೆ ಕಣ್ಣು ಹಾಯಿಸುತ್ತಿರುವ ಮಕ್ಕಳೇ, ಮತ್ತು ಸಭಿಕರೇ,

ಸಭಿಕರೇ ಎಂದಾಗ ಕೆಲವರು ನಕ್ಕಿರಿ. ಮನೆಯವರನ್ನೇ ಸಭಿಕರೆನ್ನಬಹುದೇ ಎಂಬುದು ನಿಮ್ಮ ಸಂದೇಹ. ಧಾರಾಳವಾಗಿ ಎನ್ನಬಹುದು. ಸಭೆಯಲ್ಲಿ ಕುಳಿತವರೆಲ್ಲರೂ ಸಭಿಕರೇ. ಹಿಂದಿನ ಸಾಲಿನಲ್ಲಿ ಕುಳಿತು ಮಾತನಾಡುತ್ತಿರುವವರು ಮಾತ್ರ ಆ ಗೌರವಕ್ಕೆ ಪಾತ್ರರಲ್ಲ.

ನಿರೂಪಕರು ನನ್ನನ್ನು ‘ರಿಟೈರ್ಡ್ ಹೆಡ್‌ಮಿಸ್’ ಎಂದು ಪರಿಚಯಿಸಿದರು. ನಿವೃತ್ತ ಮುಖ್ಯೋಪಾಧ್ಯಾಯಿನಿ ಎಂಬ ಸೊಗಸಾದ ಮಾತು ನಮ್ಮಲ್ಲಿದೆ. ಉಸಿರು ಸಾಲದಿದ್ದರೆ ಮೀನಾಕ್ಷಮ್ಮ ಎಂದರೂ ಸಾಕು.

ಮೊದಲಿಗೆ ಈ ವರ್ಷದ ಕುಟುಂಬ ವಾರ್ತೆ. ಅಜ್ಜಂಪುರದ ಮನೆಯಲ್ಲಿ ಗಂಡು ಮಗು ಹುಟ್ಟಿದೆ. ಅತ್ತೆ ಒಂದು ಹೆಸರಿನಿಂದ ಕರೆಯುತ್ತಾರೆ, ಸೊಸೆ ಇನ್ನೊಂದರಿಂದ. ಮಗು ಎರಡಕ್ಕೂ ತಿರುಗಿ ನೋಡುತ್ತದೆ. ಸಿಂಗಟಗೆರೆಯ ಹಿರಿಯ ಮೊಮ್ಮಗಳು ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ದರ್ಜೆ ಪಡೆದಿದ್ದಾಳೆ. ಕನ್ನಡದಲ್ಲಿ ಮಾತ್ರ ಅಂಕ ಕಡಿಮೆಯಾಗಿದೆ. ಅದನ್ನು ನಾನು ಆಕೆಯೊಡನೆ ಪ್ರತ್ಯೇಕವಾಗಿ ವಿಚಾರಿಸಿಕೊಳ್ಳುತ್ತೇನೆ. ಬುಕ್ಕಾಂಬುಧಿಯ ಮನೆಗೆ ಟೆಲಿವಿಷನ್ ಬಂದಿದೆ. ಚಿತ್ರ ಇನ್ನೂ ಬಂದಿಲ್ಲ. ಆಂಟೆನಾ ಎತ್ತರಿಸುತ್ತಿದ್ದಾರಂತೆ.

ನಮ್ಮ ಸೋದರತ್ತೆ ಹುಲಿಗೆಮ್ಮನವರು ಶ್ರಾವಣ ಮಾಸದಲ್ಲಿ ತೀರಿಕೊಂಡರು. ಆ ಸುದ್ದಿಯನ್ನು ತಂದವರು ನನ್ನ ಮನೆಯ ಬಾಗಿಲಾಚೆಯೇ ನಿಂತರು. ಬಿಸಿಲಿನಲ್ಲಿ ಬಂದಿದ್ದಾರೆಂದು ನೀರು ಕೊಟ್ಟೆ, ಮುಟ್ಟಲಿಲ್ಲ. ಅವರು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು.

ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ, ಕಿರಿಯರಿಗೆ ವಿವರಿಸುತ್ತೇನೆ. ನಮ್ಮ ಮನೆತನಗಳಲ್ಲಿ ಸಾವಿನ ಸುದ್ದಿ ತಂದವರು ಹೊಸ್ತಿಲು ದಾಟುವುದಿಲ್ಲ, ಆ ಮನೆಯ ನೀರು ಮುಟ್ಟುವುದಿಲ್ಲ. ಮಗು ಹುಟ್ಟಿದ ಸುದ್ದಿ ತಂದವರ ಬಾಯಿಗೆ ಬೆಲ್ಲ ಹಾಕುತ್ತೇವೆ. ಹಾಗಾಗಿ ಬಂದವರು ನೀರನ್ನು ಮುಟ್ಟಿದರೋ ಇಲ್ಲವೋ ಎಂಬುದನ್ನು ನಮ್ಮ ಹೆಂಗಸರು ಮೊದಲು ನೋಡುತ್ತಾರೆ, ಮಾತನ್ನು ಆಮೇಲೆ ಕೇಳುತ್ತಾರೆ.

ಈ ಪದ್ಧತಿಯಿಂದಲೇ ಒಮ್ಮೆ ನಮ್ಮ ಮನೆಯಲ್ಲಿ ದೊಡ್ಡದೊಂದು ಪ್ರಮಾದವಾಯಿತು. ಆ ಪ್ರಮಾದವಾಗದಿದ್ದರೆ ಇಂದು ಈ ಸಭೆ ಎಲ್ಲಿರುತ್ತಿತ್ತು? ನನ್ನ ಈ ಇಬ್ಬರು ಅಣ್ಣಂದಿರು ಒಂದೇ ವೇದಿಕೆಯ ಮೇಲೆ ಎಲ್ಲಿರುತ್ತಿದ್ದರು?

ಎಪ್ಪತ್ತನೆಯ ಇಸವಿಯಲ್ಲಿ ಇವರಿಬ್ಬರೂ ಪಾಲಾದರು. ಜಮೀನು, ತೆಂಗಿನ ತೋಟ ಎಲ್ಲವೂ ಜಗಳವಿಲ್ಲದೆ ಪಾಲಾಯಿತು. ಸಿಂಗಟಗೆರೆಯಲ್ಲಿ ಎರಡು ಸಂಸಾರಕ್ಕೆ ಸಾಲುವಷ್ಟು ನೀರಿಲ್ಲವೆಂದು ಕೆಂಚಪ್ಪನವರು ತಮ್ಮ ಪತ್ನಿಯ ಊರಾದ ಬುಕ್ಕಾಂಬುಧಿಗೆ ಹೋಗಿ ಬೇಸಾಯ ಹೂಡುವುದಾಗಿ ಹೇಳಿದರು. ಅಲ್ಲಿ ದೊಡ್ಡ ಕೆರೆಯಿದೆ. ವಿಚಾರ ಸರಿಯಾಗಿಯೇ ಇತ್ತು. ಆದರೆ ತಮ್ಮ ಊರು ಬಿಟ್ಟು ಹೋಗುತ್ತಾನಲ್ಲ ಎಂಬ ಸಂಕಟವನ್ನು ಹೇಳಿಕೊಳ್ಳಲು ನಮ್ಮ ಹಿರಿಯಣ್ಣನವರಿಗೆ ಬೇರೆ ಮಾತು ಸಿಗಲಿಲ್ಲ. ಪಂಚರ ಎದುರಿನಲ್ಲಿಯೇ ಅಂದರು: “ಹೋಗ್ಲಿ ಬಿಡ್ರಪ್ಪ. ಅವ್ನಿಗೆ ಹೆಂಡ್ತಿ ಮನೆ ನೀರೇ ರುಚಿ.”

ಕೆಂಚಪ್ಪನವರು ಎದ್ದು ನಿಂತರು. “ಇನ್ನು ಈ ಮನೆ ನೀರು ಮುಟ್ಟಿದ್ರೆ ನಾನು ಅಪ್ಪನಿಗೆ ಹುಟ್ಟಿದೋನಲ್ಲ” ಎಂದು ಆಣೆ ಮಾಡಿ ಹೊರಟುಹೋದರು. ನಮ್ಮ ತಾಯಿ ಯಲ್ಲಮ್ಮನವರು ಕಣ್ಣು ಮಂಜಾಗುವವರೆಗೆ ಎರಡು ಮನೆಗೂ ಓಡಾಡುತ್ತಿದ್ದರು. ಇವರಿಬ್ಬರು ಮಾತ್ರ ಒಬ್ಬರ ಮುಖ ಇನ್ನೊಬ್ಬರು ನೋಡಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಕೆಂಚಪ್ಪನವರ ಮಗಳು ಕಾಂತಮ್ಮನಿಗೆ ಹಿರೇನಲ್ಲೂರಿನ ಸಂಬಂಧ ಬಂತು. ಹುಡುಗ ಒಪ್ಪಿದ, ಹುಡುಗಿ ಒಪ್ಪಿದಳು. ಹುಡುಗನ ತಂದೆ ಒಂದು ಮಾತು ಹೇಳಿದರು. ಆ ತಂದೆ ಯಾರೆಂದು ನಾನು ಹೇಳುವುದಿಲ್ಲ. ಅಧ್ಯಕ್ಷರ ಕುರ್ಚಿಯ ಮೇಲೆ ಕುಳಿತವರ ಬಗ್ಗೆ ಹಾಗೆಲ್ಲ ಮಾತನಾಡಬಾರದು. ಅವರು ಹೇಳಿದ್ದು ಇಷ್ಟು: “ಹೆಣ್ಣಿನ ದೊಡ್ಡಪ್ಪ ಬಂದು ನಿಶ್ಚಯದ ವೀಳ್ಯ ಹಿಡೀಲಿ. ಅಣ್ಣ ತಮ್ಮ ಕೂಡದ ಮನೇಲಿ ನಾವು ಹೆಣ್ಣು ತರಾಕಿಲ್ಲ.” ಇದೇ ಕಾರಣಕ್ಕೆ ಅದಕ್ಕೆ ಮೊದಲೊಂದು ಸಂಬಂಧ ಮುರಿದುಹೋಗಿತ್ತು. ಇದೂ ಮುರಿದರೆ ಹುಡುಗಿಯ ಗತಿಯೇನು? ಕಾಂತಮ್ಮ ಊಟ ಬಡಿಸುವಾಗ ತಂದೆಯ ಮುಖ ನೋಡುವುದನ್ನು ಬಿಟ್ಟಳಂತೆ. ತಂದೆಯಾದವರಿಗೆ ಅಷ್ಟು ಸಾಲದೇ?

ಕೆಂಚಪ್ಪನವರು ಸಿಂಗಟಗೆರೆಗೆ ಹೊರಟರು. ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಂಡವಳಲ್ಲ. ಮುದ್ದಪ್ಪನವರ ಪತ್ನಿ, ನಮ್ಮ ಅತ್ತಿಗೆ ದ್ಯಾಮಮ್ಮನವರು ಹೇಳಿದ್ದನ್ನು ಹೇಳುತ್ತಿದ್ದೇನೆ. ತಪ್ಪಿದ್ದರೆ ಮೂರನೆಯ ಸಾಲಿನಲ್ಲಿರುವ ಅವರು ತಿದ್ದಬಹುದು.

ಬೇಸಿಗೆಯ ನಡುಮಧ್ಯಾಹ್ನ. ದ್ಯಾಮಮ್ಮನವರು ನೋಡುತ್ತಾರೆ: ವರ್ಷಗಟ್ಟಲೆ ಈ ಕಡೆ ತಲೆ ಹಾಕದ ಮೈದುನ ಅಂಗಳದಲ್ಲಿ ನಿಂತಿದ್ದಾರೆ. ಸೆಕೆಗೆ ರುಮಾಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಿದ್ದಾರೆ. ತಲೆ ಬರಿದು, ಸಾವಿನ ಸುದ್ದಿ ತಂದವರ ಹಾಗೆ. ಒಳಗೆ ಬನ್ನಿ ಎಂದರೆ ಬರಲೊಲ್ಲರು. ಚೊಂಬಿನಲ್ಲಿ ನೀರು ತಂದರೆ ಕೈ ಹಿಂದಕ್ಕೆ ಕಟ್ಟಿಕೊಂಡರು. “ಬ್ಯಾಡ ಅತ್ಗೆ. ಅಣ್ಣ ಎಲ್ಲವ್ನೆ?” ಎಂದರು.

ಇನ್ನೇನು ಬೇಕು? ಚೊಂಬು ಕೈಜಾರಿತು. ಅತ್ತಿಗೆಯವರು ಎದೆ ಬಡಿದುಕೊಂಡು ಅಳತೊಡಗಿದರು. ಮನೆಯ ಹೆಂಗಸರೆಲ್ಲ ಸೇರಿದರು, ನೆರೆಯವರು ಸೇರಿದರು. ಯಾರೋ ಒಲೆ ಆರಿಸಿದರು. ಯಾರೋ ಪದ್ಧತಿಯಂತೆ ಗುಡಾಣ, ಬಿಂದಿಗೆಗಳಲ್ಲಿದ್ದ ನೀರನ್ನೆಲ್ಲ ಹೊರಗೆ ಚೆಲ್ಲಿದರು. ಸತ್ತವರು ಯಾರು? ಅದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಕಾರಣ ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿ ಯಾರ ಬಗ್ಗೆ ಭಯವಿತ್ತೋ ಅವರ ಹೆಸರನ್ನೇ ಹಿಡಿದು ಅತ್ತರು. ದ್ಯಾಮಮ್ಮನವರು ಅಜ್ಜಂಪುರದಲ್ಲಿದ್ದ ತುಂಬು ಬಸುರಿ ಮಗಳ ಹೆಸರು ಹಿಡಿದರು. ಒಳಗೆ ಕೋಣೆಯಲ್ಲಿದ್ದ ನಮ್ಮ ತಾಯಿ, ಬುಕ್ಕಾಂಬುಧಿ ಎಂಬ ಒಂದು ಮಾತು ಕಿವಿಗೆ ಬಿದ್ದದ್ದೇ, “ನನ್ನ ಕೆಂಚಾ” ಎಂದು ಗೋಡೆಗೆ ತಲೆಯಿಟ್ಟರು.

ಅಂಗಳದಲ್ಲಿ ನಿಂತು ತನ್ನ ಹೆಸರಿನ ಅಳುವನ್ನೇ ಕೇಳುವ ಭಾಗ್ಯ ಎಷ್ಟು ಜನರಿಗಿದೆ? “ಅವ್ವಾ, ನಾನಿಲ್ಲೇ ಇದೀನಿ ಕಣವ್ವಾ” ಎಂದು ಇವರು ಕೂಗಿದರಂತೆ. ಆ ಗದ್ದಲದಲ್ಲಿ ಬದುಕಿರುವವರ ಮಾತನ್ನು ಕೇಳುವವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ತೋಟದಲ್ಲಿದ್ದ ಮುದ್ದಪ್ಪನವರಿಗೆ ಯಾರೋ ಓಡಿಹೋಗಿ, ಬುಕ್ಕಾಂಬುಧಿಯಿಂದ ಸುದ್ದಿ ಬಂದಿದೆ ಎಂದರು. ಅವರು ಹಿತ್ತಿಲ ಕಡೆಯಿಂದ ಓಡಿಬಂದರು. ಅಂಗಳದಲ್ಲಿ ನಿಂತವರನ್ನು ನೋಡಲೇ ಇಲ್ಲ. ಹಿತ್ತಿಲ ಬಾಗಿಲಲ್ಲಿ ಕುಸಿದು ಕುಳಿತು, ಎರಡೂ ಕೈಗಳಿಂದ ತಲೆ ಚಚ್ಚಿಕೊಂಡರು. “ನಾನಂದ ಒಂದು ಮಾತು ಕಟ್ಕೊಂಡು ಹೋಗ್ಬಿಟ್ಯಲ್ಲೋ ತಮ್ಮಾ. ಒಂದು ಚೊಂಬು ನೀರಿಗೆ ನಿನ್ನ ಕಳ್ಕೊಂಡೆನಲ್ಲೋ.”

ಮನೆಯನ್ನು ಸುತ್ತಿಕೊಂಡು ಹಿಂದಿನಿಂದ ಬಂದ ಕೆಂಚಪ್ಪನವರು ಆ ಮಾತನ್ನು ಪೂರ್ತಿ ಕೇಳಿಸಿಕೊಂಡರು.

“ಅಣ್ಣಾ, ಯಾರಿಗಳ್ತಾ ಇದೀಯಾ?”

ಮುದ್ದಪ್ಪನವರು ತಲೆಯೆತ್ತಿದರು. “ಲೇ, ನೀನು ಬದ್ಕಿದೀಯಾ?”

“ಬದ್ಕಿದೀನಿ ಕಣಣ್ಣಾ. ಎಲ್ಲಾರೂ ಬದ್ಕವ್ರೆ. ಕಾಂತಿ ವೀಳ್ಯಕ್ಕೆ ನಿನ್ನ ಕರೆಯಾಕ್ ಬಂದೆ.”

“ಮದ್ವೆಗೆ ಕರೆಯಾಕ್ ಬಂದೋನಿಗೆ ಒಂದು ಚೊಂಬು ನೀರು ಕುಡಿಯಾಕೆ ಏನ್ಲಾ ರೋಗ?”

“ಆಣೆ ಐತಲ್ಲಣ್ಣಾ.”

ಅಲ್ಲಿಗೆ ಅಳು ನಿಂತಿತು, ಆದರೆ ತೊಡಕು ಶುರುವಾಯಿತು. ನಮ್ಮ ಹಿರಿಯಣ್ಣನವರ ಸ್ವಭಾವ ನಿಮಗೆ ಗೊತ್ತು. ಕಣ್ಣೊರೆಸಿಕೊಂಡ ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಳ್ಳುವಷ್ಟರಲ್ಲಿ ಬಿಗುಮಾನ ಮರಳಿ ಬಂದಿತ್ತು. ನನ್ನ ಮನೆಯ ನೀರು ಒಲ್ಲದವನ ಮನೆಯ ವೀಳ್ಯವನ್ನು ನಾನು ಹೇಗೆ ಹಿಡಿಯಲಿ ಎಂದರು. ಅಪ್ಪನ ಮೇಲಿಟ್ಟ ಆಣೆಯನ್ನು ನಾನು ಹೇಗೆ ಮುರಿಯಲಿ ಎಂದು ಕೆಂಚಪ್ಪನವರು ಕೇಳಿದರು. ಇಬ್ಬರದೂ ನ್ಯಾಯವೇ. ಎರಡು ನ್ಯಾಯಗಳ ನಡುವೆ ಕಾಂತಮ್ಮನ ಮದುವೆ ಸಿಕ್ಕಿಕೊಂಡಿತ್ತು.

ಆಗ ನಮ್ಮ ತಾಯಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಅವರು ಆಡಿದ ಮಾತು ಇಂಥ ಸಭೆಯಲ್ಲಿ ಆಡತಕ್ಕದ್ದಲ್ಲ. ಆದರೆ ಜೀವಮಾನವೆಲ್ಲ ಪರರ ವಾಕ್ಯಗಳನ್ನು ತಿದ್ದಿದ ನನಗೆ ಅವ್ವನ ವಾಕ್ಯವನ್ನು ತಿದ್ದುವ ಅಧಿಕಾರವಿಲ್ಲ. ಕೆಂಚಪ್ಪನವರ ಮುಖವನ್ನು ಕೈಯಿಂದ ತಡವಿ ನೋಡಿ ಅಂದರು:

“ನೀನು ಯಾರಿಗೆ ಹುಟ್ಟಿದೋನು ಅಂತ ನನಗಿಂತ ನಿನಗೆ ಗೊತ್ತೇನ್ಲಾ? ಕುಡಿಯೋ ಮುಚ್ಕೊಂಡು.”

ಆಣೆ ಅಲ್ಲಿಗೆ ಬಿತ್ತು. ಆ ಕುರಿತು ಅವರ ಮಾತಿಗೆ ಎದುರುಂಟೇ?

ಕುಡಿಯೋಣವೆಂದರೆ ಮನೆಯಲ್ಲಿ ತೊಟ್ಟು ನೀರಿಲ್ಲ, ಎಲ್ಲವನ್ನೂ ಚೆಲ್ಲಿಯಾಗಿತ್ತು. ಹೆಂಗಸರು ಬಿಂದಿಗೆಗೆ ಕೈ ಹಾಕುವ ಮೊದಲೇ ಮುದ್ದಪ್ಪನವರು ಕೊಡ, ಹಗ್ಗ ತೆಗೆದುಕೊಂಡು ಬಾವಿಗೆ ಹೋದರು. ಬೇಸಿಗೆಯ ಬಾವಿ, ನೀರು ತಳ ಸೇರಿತ್ತು. ತಾವೇ ಸೇದಿ, ತಾವೇ ಹೊತ್ತು ತಂದು, ತಮ್ಮನ ಬೊಗಸೆಗೆ ಸುರಿದರು. ಇವರು ಕುಡಿದಾದ ಮೇಲೂ ಬೊಗಸೆ ತೆಗೆಯಲಿಲ್ಲವಂತೆ, ಅವರು ಸುರಿಯುವುದನ್ನು ನಿಲ್ಲಿಸಲಿಲ್ಲವಂತೆ. ಕೊನೆಗೆ ಅತ್ತಿಗೆಯವರೇ, ಅಡುಗೆಗೆ ಒಂದಿಷ್ಟು ಉಳಿಸಿ ಎಂದು ಕೊಡ ಕಿತ್ತುಕೊಂಡರಂತೆ.

ಇತ್ತ ನೆರೆಮನೆಯ ಜವರಯ್ಯನವರು ಮೊದಲ ಅಳು ಕೇಳಿಸಿದೊಡನೆ ಉಪಕಾರ ಮಾಡಲೆಂದು ಕಡೂರಿನ ಬಸ್ ಹತ್ತಿಬಿಟ್ಟಿದ್ದರು. ಸಿಂಗಟಗೆರೆಯಲ್ಲಿ ಸಾವಾಗಿದೆ ಎಂದು ಕಡೂರಿಗೆ ಹೇಳಿದರು, ಕಡೂರು ತರೀಕೆರೆಗೆ ಹೇಳಿತು, ತರೀಕೆರೆ ಅಜ್ಜಂಪುರಕ್ಕೆ. ಬಸ್ಸಿನ ಕಂಡಕ್ಟರ್ ತರೀಕೆರೆಯ ನನ್ನ ಶಾಲೆಯ ಬಾಗಿಲಿಗೆ ಬಂದು ನನಗೆ ತಿಳಿಸಿದ. ಯಾರಪ್ಪಾ ಎಂದೆ. ಗೊತ್ತಿಲ್ಲ ಮೇಡಮ್ಮೋರೇ, ನಿಮ್ಮಣ್ಣ ಇರ್ಬೋದು ಎಂದ. ನನಗೆ ಇಬ್ಬರು ಅಣ್ಣಂದಿರು.

ಸಭಿಕರೇ, ಸಿಂಗಟಗೆರೆಗೆ ಹೊರಟ ಆ ಬಸ್ಸಿನಲ್ಲಿ ನಾನು ಏನನ್ನು ಯೋಚಿಸಿದೆ ಎಂಬುದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ನಾನು ಆಡುವ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡವಳು. ಮೂಲೆಯಲ್ಲಿ ಕೂರಿಸಬೇಕೆಂದವರ ಎದುರು ನಿಂತು ನನ್ನನ್ನು ಓದಿಸಿದವರು ಇವರಿಬ್ಬರು. ಹಾಗಾಗಿ ತರೀಕೆರೆಯ ನನ್ನ ಮನೆಗೆ ಇಬ್ಬರೂ ಬರುತ್ತಿದ್ದರು, ಆದರೆ ಬೇರೆ ಬೇರೆ ದಿನ. ಹಿರಿಯಣ್ಣನವರು ಬಂದರೆ, ಬುಕ್ಕಾಂಬುಧಿ ಕೆರೆ ತುಂಬಿತಂತಾ ಎಂದು ಕೇಳುವರು. ಕಿರಿಯಣ್ಣನವರು ಬಂದರೆ, ಸಿಂಗಟಗೆರೆ ಕಡೆ ಮಳೆಯಾಯಿತಾ ಎನ್ನುವರು. ಕೆರೆಗೆ ಏನಾದರೆ ಅವರಿಗೇನು? ಅದು ಕೆರೆಯ ವಿಚಾರವಲ್ಲವೆಂದು ನನಗೆ ತಿಳಿಯದೇ? ಕೆರೆ ತುಂಬಿದೆ ಅಣ್ಣಾ, ಕಿರಿಯ ಹುಡುಗನಿಗೆ ಜ್ವರ ಬಂದು ಹೋಯಿತು ಎನ್ನುತ್ತಿದ್ದೆ. ಮಳೆಯಾಗಿದೆ, ಅಣ್ಣನಿಗೆ ಮೊಣಕಾಲು ನೋವಂತೆ ಎನ್ನುತ್ತಿದ್ದೆ. ಹೊರಡುವಾಗ ಇಬ್ಬರೂ ಒಂದೇ ಮಾತು ಹೇಳುತ್ತಿದ್ದರು: “ನಾನು ಕೇಳ್ದೆ ಅಂತ ಹೇಳ್ಬ್ಯಾಡ ಮೀನಾಕ್ಷಿ.” ಮಾತು ಕೊಟ್ಟಿದ್ದೆ, ಹೇಳಲಿಲ್ಲ.

ಬಸ್ಸಿನಲ್ಲಿ ನನಗೆ ಅಳು ಬರಲಿಲ್ಲ. ಇಬ್ಬರಲ್ಲಿ ಒಬ್ಬರು ಹೋಗಿದ್ದಾರೆ. ಯಾರೇ ಆಗಿರಲಿ, ಇನ್ನೊಬ್ಬರು ತಮ್ಮ ಬಗ್ಗೆ ಕೇಳುತ್ತಿದ್ದರು ಎಂಬುದನ್ನು ತಿಳಿಯದೆ ಹೋದರಲ್ಲ ಎಂಬುದೊಂದೇ ಯೋಚನೆ.

ಹೊತ್ತು ಮುಳುಗುವ ವೇಳೆಗೆ ಸಿಂಗಟಗೆರೆಯಲ್ಲಿ ಇಳಿದೆ. ಕಡೂರಿನವರು, ಅಜ್ಜಂಪುರದವರು, ಅಳಲೆಂದು ಬಂದವರೆಲ್ಲ ಅಂಗಳದ ತುಂಬ ಕುಳಿತು ಅನ್ನ ಸಾರು ಉಣ್ಣುತ್ತಿದ್ದರು. ಜಗಲಿಯ ಮೇಲೆ ಇಬ್ಬರೂ ಅಕ್ಕಪಕ್ಕದಲ್ಲಿ ಕುಳಿತು, ವೀಳ್ಯಕ್ಕೆ ಯಾವ ದಿನ ಒಳ್ಳೆಯದೆಂದು ಜಗಳವಾಡುತ್ತಿದ್ದರು. ನನ್ನನ್ನು ಕಂಡು, “ಬಾ ಮೀನಾಕ್ಷಿ, ಯಾರೂ ಸತ್ತಿಲ್ಲ, ಉಣ್ಣು” ಎಂದರು. ಅಳು ಆಗ ಬಂತು.

ಅದೇ ನಮ್ಮ ಮೊದಲ ಕುಟುಂಬ ಸಮಾವೇಶ. ಕಾಂತಮ್ಮನ ವೀಳ್ಯವಾಯಿತು, ಮದುವೆಯಾಯಿತು. ಆಕೆಯ ಇಬ್ಬರು ಮಕ್ಕಳು ಇದೀಗ ವೇದಿಕೆಯ ಕೆಳಗೆ ಹಾರದ ಹೂವನ್ನು ಕೀಳುತ್ತಿದ್ದಾರೆ. ಆ ದಿನದಿಂದ ಈ ಇಬ್ಬರಿಗೂ ನಡುವೆ ಒಬ್ಬರು ಬೇಕಾಗಲಿಲ್ಲ. ಕೆರೆ ತುಂಬಿದರೆ ಹಿರಿಯಣ್ಣನವರೇ ಹೋಗಿ ನೋಡಿ ಬರುತ್ತಾರೆ. ಮಳೆಯಾಯಿತೇ ಎಂದು ಕಿರಿಯಣ್ಣನವರೇ ಕಾಗದ ಹಾಕಿ ಕೇಳುತ್ತಾರೆ. ನನ್ನ ಮನೆಗೆ ಈಗ ಬರುವುದು ಹಬ್ಬಕ್ಕೆ, ಇಬ್ಬರೂ ಒಟ್ಟಿಗೆ; ಕಾಫಿ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಹೊರಡುತ್ತಾರೆ. ಆಗಬೇಕಾದದ್ದೂ ಅದೇ ಅಲ್ಲವೇ? ಸಂತೋಷದ ವಿಷಯ. ನಿಜವಾಗಿಯೂ ಸಂತೋಷದ ವಿಷಯ.

ಪ್ರತಿ ವರ್ಷವೂ ವಾರ್ತೆ ಓದುವ ಕೆಲಸವನ್ನು ನನಗೇ ಕೊಡಿ ಎಂದು ನಾನು ಕೇಳಿ ಪಡೆಯುತ್ತೇನೆ. ಮನೆಗಳಲ್ಲಿ ನಾಮಕರಣವಾಗಲಿ, ಪರೀಕ್ಷೆಯಾಗಲಿ, ಹಸು ಕರು ಹಾಕಿದ್ದಾಗಲಿ, ವಿಶೇಷವೇನಿದ್ದರೂ ನನಗೆ ತಿಳಿಸಬೇಕು. ಬರೆದು ಕಳುಹಿಸಬಹುದು. ಬರೆಯುವುದು ಬೇಸರವೆನಿಸಿದರೆ ಬಂದೇ ಹೇಳಬಹುದು. ಬಂದು ಹೇಳುವುದೇ ಉತ್ತಮ. ಬರವಣಿಗೆಯಲ್ಲಿ ನೀವೆಲ್ಲ ಬಹಳ ತಪ್ಪು ಮಾಡುತ್ತೀರಿ. ತರೀಕೆರೆಯ ಬಸ್ ನಿಲ್ದಾಣದಿಂದ ನನ್ನ ಮನೆ ದೂರವಿಲ್ಲ. ನಾನು ಸಾಮಾನ್ಯವಾಗಿ ಮನೆಯಲ್ಲಿಯೇ ಇರುತ್ತೇನೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ಅಧ್ಯಕ್ಷರಿಗೂ, ತಮ್ಮ ಬಗ್ಗೆ ಇಷ್ಟೆಲ್ಲ ಹೇಳಿದರೂ ತಲೆ ತಗ್ಗಿಸಿ ಸುಮ್ಮನಿರುವ ನನ್ನ ಅಣ್ಣಂದಿರಿಗೂ, ಹಸಿದು ಕುಳಿತಿರುವ ನಿಮ್ಮೆಲ್ಲರಿಗೂ ಕೃತಜ್ಞತೆಗಳನ್ನು ಸಲ್ಲಿಸಿ ನನ್ನ ಮಾತನ್ನು ಮುಗಿಸುತ್ತೇನೆ. ನಮಸ್ಕಾರ.