ಮಿಂಚೋ ಕೋಳಿ ಯಾರದು?

ಕೂತ್ಕೊಳ್ಳಿ, ಕೂತ್ಕೊಳ್ಳಿ. ಮುಂದೆ ಕೂತೋರು ತಲೆ ತಗ್ಗಿಸಿ, ಹಿಂದಿನೋರಿಗೂ ನನ್ನ ಮುಖ ಕಾಣಲಿ. ಹೂಂ ಅನ್ನೋರು ಇದ್ರೆ ಹೇಳ್ತೀನಿ, ಇಲ್ಲಾಂದ್ರೆ ಎಲೆ ಅಡಿಕೆ ಹಾಕ್ಕೊಂಡು ಸುಮ್ನೆ ಇರ್ತೀನಿ.

ಊರಿಲ್ಲದ ಊರು, ಹೆಸರಿಲ್ಲದ ಸೀಮೆ. ಅಲ್ಲೊಂದು ಮನೆ. ಮನೇಲಿ ಒಬ್ಬಳು ಅತ್ತೆ, ಇಬ್ಬರು ಸೊಸೇರು. ಹಿರೀ ಸೊಸೆ ಪುಟ್ಟಾಜಿ, ಕಿರೀ ಸೊಸೆ ಈರಕ್ಕ. ಅತ್ತೆ ಸೊಂಟದಲ್ಲಿ ಉಗ್ರಾಣದ ಬೀಗದ ಕೈ. ರಾಗಿ, ಬೆಲ್ಲ, ತುಪ್ಪ ಎಲ್ಲಾ ಆ ಬೀಗದ ಹಿಂದೆ. ಬೀಗದ ಕೈ ಯಾರ ಸೊಂಟದಲ್ಲೋ ಮನೆ ಯಜಮಾನಿಕೆ ಅವರದು. ಹಿರಿಯಳು ನಾನು, ನನಗೇ ಬರಬೇಕು ಅಂತ ಪುಟ್ಟಾಜಿ ಹತ್ತು ವರ್ಷದಿಂದ ಕಾಯ್ತಿದ್ಲು.

ಅತ್ತೆಗೆ ವಯಸ್ಸಾಯ್ತು. ಒಂದಿನ ಇಬ್ಬರನ್ನೂ ಕರೆದು, ಒಂದೇ ಕಾವಿಗೆ ಹುಟ್ಟಿದ ಎರಡು ಹ್ಯಾಟೆ, ಅಂದ್ರೆ ಎಳೇ ಹೆಣ್ಣು ಕೋಳಿ ತಂದು, ಒಬ್ಬೊಬ್ಬಳ ಕೈಗೆ ಒಂದೊಂದು ಕೊಟ್ಲು. ಎರಡೂ ಕಾಡಿಗೆ ಕಪ್ಪು. ಗುರುತಿಗೆ ಅಂದ್ರೆ ಒಂದು ಚುಕ್ಕೆ ಇಲ್ಲ. ಕೋಳಿ ಸಾಕಬಲ್ಲೋಳು ಮನೆ ಸಾಕ್ತಾಳೆ, ಯಾರ ಕೋಳಿ ಜಾಸ್ತಿ ಮರಿ ಮಾಡುತ್ತೋ ಅವಳಿಗೆ ಬೀಗದ ಕೈ ಅಂದ್ಲು.

ಶುರುವಾಯ್ತು ನೋಡಿ. ಈರಕ್ಕ ಸೀರೆ ಉಟ್ಟರೆ ಪುಟ್ಟಾಜಿಗೆ ಉರಿ. ಈರಕ್ಕ ಮುದ್ದೆ ಕಟ್ಟಿದರೆ ಉರಿ. ಈರಕ್ಕ ನಕ್ಕರಂತೂ ಅಂಗಾಲಿಂದ ನೆತ್ತೀವರೆಗೆ ಉರಿ. ನೀವ್ ನಗಬೇಡಿ, ನಿಮ್ಮಲ್ಲೂ ಇದೆ. ನನಗೂ ಇತ್ತು, ಹಲ್ಲು ಬಿದ್ದ ಮೇಲೆ ಒಂಚೂರು ಕಮ್ಮಿ ಆಯ್ತು.

ಎರಡು ಕೋಳೀನೂ ಒಂದೇ ಥರ ಇದ್ವು. ಆದರೆ ಪುಟ್ಟಾಜಿ ಕಣ್ಣಿಗೆ ಈರಕ್ಕಂದೇ ಮಿರಮಿರ ಮಿಂಚ್ತಿತ್ತು. ದೂರದ ಬೆಟ್ಟ ನುಣ್ಣಗೆ. ತನ್ನ ಕೋಳೀನೂ ಮಿಂಚಲಿ ಅಂತ ಬಿಸಿನೀರಿಗೆ ಸೀಗೆಪುಡಿ ಹಾಕಿ ತಿಕ್ಕಿ ತೊಳೆದ್ಲು. ಗರಿ ಒಣ ಹುಲ್ಲಿನಂಗಾಯ್ತು. ಹರಳೆಣ್ಣೆ ಸವರಿದ್ಲು. ತಿಪ್ಪೆ ದೂಳೆಲ್ಲಾ ಮೆತ್ತಿಕೊಳ್ತು. ಆ ದೂಳು ಬಿಡಿಸೋಕೆ ಮತ್ತೆ ಸೀಗೆ. ಯಾರಾದ್ರೂ ಕೋಳಿಗೆ ಎಣ್ಣೆ ಸ್ನಾನ ಮಾಡಿಸೋದು ಕಂಡಿದ್ದೀರಾ?

ಕೊನೆಗೆ ತಡೀಲಾರದೆ ಕೇಳೇಬಿಟ್ಲು. "ಏನೇ ಈರಿ, ನಿನ್ನ ಕೋಳಿಗೆ ಯಾವ ಎಣ್ಣೆ ಹಚ್ತೀಯೆ?"

"ನಾನೇನೂ ಹಚ್ಚಲ್ಲ ಅಕ್ಕಾ. ಅದೇ ಹಚ್ಕೊಳ್ಳುತ್ತೆ."

ನಂಬ್ತಾಳಾ? ಹುಲ್ಲು ಮೆದೆ ಹಿಂದೆ ಬಚ್ಚಿಟ್ಕೊಂಡು ಹದಿನೈದು ದಿನ ಈರಕ್ಕನ ಕೋಳೀನೇ ಕಾದ್ಲು. ಅದು ಕತ್ತು ಹಿಂದಕ್ಕೆ ತಿರುಗಿಸೋದು. ಬಾಲದ ಬುಡದಲ್ಲಿ ಒಂದು ಗಂಟು, ಅದಕ್ಕೆ ಕೊಕ್ಕು ಒತ್ತೋದು. ಒತ್ತಿದಾಗ ಬಂದ ಜಿಡ್ಡನ್ನ ಎದೆಗೆ ಸವರೋದು, ರೆಕ್ಕೆಗೆ ಸವರೋದು, ಬೆನ್ನಿಗೆ ಸವರೋದು. ಕೋಳಿ ಸಾರು ಮಾಡೋರಿಗೆ ಆ ಗಂಟು ಗೊತ್ತು. ನಾತ ಬರುತ್ತೆ ಅಂತ ಕೊಯ್ದು ಬಿಸಾಕ್ತೀವಲ್ಲ, ಅದೇ. ಗುಟ್ಟು ಸಿಕ್ತು ಅಂದ್ಕೊಂಡ್ಲು ಪುಟ್ಟಾಜಿ.

ಕೇಳಿ, ಒಂದು ಮಾತು ನೆನಪಿಟ್ಕೊಳ್ಳಿ. ಈ ಹದಿನೈದು ದಿನ ಅವಳು ತನ್ನ ಕೋಳೀನ ತೊಳೀಲೂ ಇಲ್ಲ, ಕಣ್ಣೆತ್ತಿ ನೋಡ್ಲೂ ಇಲ್ಲ.

ಒಂದು ಮಧ್ಯಾಹ್ನ ಈರಕ್ಕ ನೀರಿಗೆ ಹೋಗಿದ್ಲು. ತಿಪ್ಪೆ ಹತ್ರ ಒಂದು ಕರೀ ಕೋಳಿ ಮಿರಮಿರ ಮಿಂಚ್ತಾ ನಿಂತಿತ್ತು. ಪುಟ್ಟಾಜಿ "ಬ ಬ ಬ" ಅಂದ್ಲು. ಓಡಿ ಬಂತು. ಎತ್ತಿಕೊಂಡ್ರೆ ಮಡಿಲಲ್ಲಿ ಮುದುಡಿ ಕೂತ್ಕೊಳ್ತು. ಕೌದಿ ಹೊಲಿಯೋ ಕೆಂಪು ನೂಲು ತಗೊಂಡು ಆ ಎಣ್ಣೆ ಗಂಟಿಗೆ ಬಿಗಿದ್ಲು. ಒಂದು ಗಂಟು ಹಾಕಿದ್ಲು, ಎರಡು ಹಾಕಿದ್ಲು, ಮೂರು ಹಾಕಿದ್ಲು. ಇನ್ನು ಹೆಂಗೆ ಮಿಂಚ್ತೀಯ ನೋಡ್ತೀನಿ ಅಂದು ಕೆಳಗೆ ಬಿಟ್ಲು.

ಕೋಳಿಗಳು ತಮ್ಮ ತಮ್ಮ ಗೂಡಲ್ಲಿ ಮೊಟ್ಟೆ ಇಟ್ವು. ಎರಡು ಕುಕ್ಕೇಲಿ ಹುಲ್ಲು ಹಾಸಿ, ಹನ್ನೊಂದು ಹನ್ನೊಂದು ಮೊಟ್ಟೆ ಇಟ್ಟು, ಕಾವಿಗೆ ಕೂರಿಸಿದ್ರು. ಪುಟ್ಟಾಜಿ ದಿನಾ ಹೋಗಿ ಈರಕ್ಕನ ಕುಕ್ಕೇನೇ ಇಣುಕಿ ನೋಡೋಳು. ಇವತ್ತು ಸೊರಗುತ್ತೆ, ನಾಳೆ ಸೊರಗುತ್ತೆ. ಅದು ಸೊರಗಲೇ ಇಲ್ಲ. ಒಂದಿನ ತನ್ನ ಕುಕ್ಕೆ ಕಡೆ ತಿರುಗಿದ್ರೆ, ಅಯ್ಯೋ ಶಿವನೇ, ಅವಳ ಕೋಳಿ ಮೈತುಂಬಾ ಹೇನು ಗಿಜಿಗಿಜಿ. ಗರಿಗಳಲ್ಲಿ ತೂತು, ತುದಿಯೆಲ್ಲಾ ಪುಡಿಪುಡಿ. ಕಡಿತ ತಾಳಲಾರದೆ ಕೋಳಿ ಗಳಿಗೆಗೊಂದ್ಸಲ ಎದ್ದೋಗ್ತಿತ್ತು, ಮೊಟ್ಟೆ ತಣ್ಣಗಾಗಿದ್ವು.

ಇಪ್ಪತ್ತೊಂದನೇ ದಿನ ಈರಕ್ಕನ ಕುಕ್ಕೇಲಿ ಹತ್ತು ಮರಿ ಚಿಂವ್ ಚಿಂವ್ ಅಂದ್ವು. ಪುಟ್ಟಾಜಿ ಕುಕ್ಕೇಲಿ ಹನ್ನೊಂದೂ ಕೊಳೆತ ಮೊಟ್ಟೆ. ಈರಿ ನನ್ನ ಕೋಳಿಗೆ ಮಾಟ ಮಾಡಿಸಿದ್ದಾಳೆ ಅಂತ ಪುಟ್ಟಾಜಿ ಬೀದಿಗೆಲ್ಲಾ ಕೇಳೋ ಹಂಗೆ ಕೂಗಾಡಿದ್ಲು. ಈರಕ್ಕ ಅಳ್ತಾ ನಿಂತ್ಲು.

ಅತ್ತೆ ಆ ಕೋಳೀನ ಮಡಿಲಲ್ಲಿ ಮಲಗಿಸಿ ಬಾಲದ ಗರಿ ಬಿಡಿಸಿದ್ಲು. ಕೆಂಪು ನೂಲು. ಮೂರು ಗಂಟು. ಮಾಟ ಅಲ್ಲ ಕಣೇ, ಇದು ಕೋಳೀಗೆ ದೇವರು ಕೊಟ್ಟ ಔಷಧಿ ಕುಡಿಕೆ, ಈ ಎಣ್ಣೆ ಸವರಿಕೊಂಡ್ರೆ ಗರಿಗೆ ಹೇನು ಹತ್ತಲ್ಲ, ಕಣ್ಣಿಗೆ ಕಾಣದ ಹುಳ ತಿನ್ನಲ್ಲ, ಕುಡಿಕೆ ಬಾಯೇ ಕಟ್ಟಿದರೆ ಇನ್ನೇನಾಗುತ್ತೆ ಅಂದ್ಲು. ಆ ನೂಲು ಯಾರ ಕೌದೀದು ಅಂತ ಮನೇಲಿ ಎಲ್ಲರಿಗೂ ಗೊತ್ತಿತ್ತು. ಈರಕ್ಕನ ಕೋಳಿ ಅಂದ್ಕೊಂಡು ಕಟ್ಟಿದೆ ಅಂತ ಪುಟ್ಟಾಜಿ ಒಪ್ಪಿಕೊಂಡ್ಲು.

"ಕರೆದಾಗ ಬಂತಾ?" ಅಂದ್ಲು ಅತ್ತೆ.

"ಬಂತು."

"ಮಡಿಲಲ್ಲಿ ಕೂತ್ಕೊಳ್ತಾ?"

"ಕೂತ್ಕೊಳ್ತು."

"ಬೇರೆಯವರ ಕೋಳಿ ನಿನ್ನ ಮಡಿಲಲ್ಲಿ ಕೂರುತ್ತೇನೇ ಮಗಾ?"

ಪುಟ್ಟಾಜಿ ತಲೆ ಬಗ್ಗಿಸಿದ್ಲು. "ಮಿಂಚ್ತಾ ಇತ್ತು ಅತ್ತೆ. ಮಿಂಚೋದು ನಂದಾಗಿರಬಹುದು ಅಂತ ನನಗೆ ಅನ್ನಿಸ್ಲೇ ಇಲ್ಲ."

ಬೀಗದ ಕೈ ಈರಕ್ಕನ ಸೊಂಟಕ್ಕೆ ಹೋಯ್ತು. ಮಾಡಿದ್ದುಣ್ಣೋ ಮಹರಾಯ. ಈರಕ್ಕ ಮೊದಲನೇ ಸಲ ಉಗ್ರಾಣ ತೆಗೆದು, ಅರಿಶಿನ, ಬೇವಿನೆಣ್ಣೆ ತಂದು ಓರಗಿತ್ತಿ ಕೈಗಿಟ್ಲು. ನೂಲು ಕತ್ತರಿಸಿದ್ದಾಗಿತ್ತು, ಕೋಳಿ ಮೂಲೇಲಿ ನಿಂತಿತ್ತು. ಪುಟ್ಟಾಜಿ ಮೆಲ್ಲಗೆ "ಬ ಬ ಬ" ಅಂದ್ಲು. ಅಷ್ಟೆಲ್ಲಾ ಮಾಡಿದ ಕೈಗೆ ಆ ಕೋಳಿ ಮತ್ತೆ ಓಡಿ ಬಂತು. ಬೀಗದ ಕೈ ಹೋದಾಗ ಅಳದೋಳು ಆಗ ಅತ್ಲು.

ಅವರ ಕೋಳಿ ಅವರ ಗೂಡಿಗೆ, ನನ್ನ ಕಥೆ ನಿಮ್ಮ ಮಡಿಲಿಗೆ. ಏಳಿ, ಹೋಗಿ ನಿಮ್ಮ ನಿಮ್ಮ ಕೋಳಿ ನೋಡ್ಕೊಳ್ಳಿ.